ಬೇಟೆಯ ರೈಫಲ್‌ಗೆ ಎರಡನೆಯ ಸಪ್ರೆಸರ್: ನನ್ನ ಲೆಕ್ಕಾಚಾರ

ನಳಿಗೆಯ ತುದಿಗೆ ಹಾಕಿ ಸದ್ದಡಗಿಸುವ ಸಾಧನವಾದ ಸಪ್ರೆಸರ್ ಅನ್ನು ಮೊದಲ ಸಲ ಕೊಳ್ಳುವಾಗ ಎಲ್ಲರೂ ಕೇಳಿಕೊಳ್ಳುವ ಪ್ರಶ್ನೆ, ಮನೆಯಲ್ಲಿರುವ ಎಲ್ಲ ರೈಫಲ್‌ಗಳಿಗೂ ಇದೊಂದೇ ಸಾಕಾಗುತ್ತದೆಯೇ ಎಂಬುದು. ಟೆಕ್ಸಾಸಿನಲ್ಲಿ ಬೇಟೆಯಾಡುವ ಅನೇಕರಂತೆ ನಾನೂ ಅದೇ ಲೆಕ್ಕದಲ್ಲಿ .30 ಕ್ಯಾಲಿಬರಿನ, ಉಕ್ಕಿನ, ಉದ್ದವೂ ಭಾರವೂ ಆದ ಒಂದನ್ನು ಕೊಂಡು, .308 ವಿಂಚೆಸ್ಟರ್, 6.5 ಕ್ರೀಡ್‌ಮೋರ್ ಮತ್ತು ಮಗಳ .243 ಎಂಬ ಬೇರೆ ಬೇರೆ ತೋಟಾಗಳ ಮೂರು ರೈಫಲ್‌ಗಳಿಗೂ ಅದನ್ನೇ ಬಿಚ್ಚಿ ಹಾಕುತ್ತಾ ಬಂದೆ. ಆ ಆಯ್ಕೆ ಸರಿಯಾಗಿಯೇ ಇತ್ತು. ಆದರೆ ಎರಡನೆಯದನ್ನು ಆರಿಸುವಾಗಲೂ ಅದೇ ಪ್ರಶ್ನೆಯನ್ನು ಕೇಳಿದರೆ ಕೈಗೆ ಬರುವುದು ಮೊದಲನೆಯದರ ಅವಳಿಯೇ ಹೊರತು ಹೊಸ ಉಪಯೋಗವಲ್ಲ. ಎರಡನೆಯದು ಒಂದೇ ರೈಫಲ್‌ಗೆ ಮೀಸಲಾಗಿರಬೇಕು, ಆ ರೈಫಲ್ ನಾವು ಹೆಗಲಿಗೇರಿಸಿಕೊಂಡು ಅತಿ ಹೆಚ್ಚು ನಡೆಯುವಂಥದ್ದಾಗಿರಬೇಕು ಎಂಬುದು ನನ್ನ ನಿಲುವು.

ಈ ವಿಚಾರ ಈಗ ಅನೇಕರ ತಲೆಯಲ್ಲಿ ಓಡುತ್ತಿರುವುದಕ್ಕೆ ಕಾರಣ ತೆರಿಗೆ. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಪ್ರತಿ ಸಪ್ರೆಸರ್ ವರ್ಗಾವಣೆಗೂ 200 ಡಾಲರ್ ತೆರಿಗೆ ವಿಧಿಸಿತ್ತು. ಅಂದಿನ ದಿನಗಳಲ್ಲಿ ಅದು ಆ ವಸ್ತುವಿನ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಾಗಿದ್ದ ಮೊತ್ತ, ಮತ್ತು ತೊಂಬತ್ತಕ್ಕೂ ಹೆಚ್ಚು ವರ್ಷ ಅದು ಒಂದು ಡಾಲರ್ ಕೂಡ ಏರಲಿಲ್ಲ, ಇಳಿಯಲಿಲ್ಲ. 2025ರ ಜುಲೈ 4ರಂದು ಸಹಿಯಾದ ಕಾನೂನಿನಿಂದಾಗಿ 2026ರ ಜನವರಿ 1ರಿಂದ ಆ ತೆರಿಗೆ ಸೊನ್ನೆಯಾಗಿದೆ. ತೆರಿಗೆ ಹೋಯಿತೇ ಹೊರತು ನೋಂದಣಿ ಹೋಗಿಲ್ಲ: ವರ್ಗಾವಣೆಗೆ ಸರ್ಕಾರದ ಒಪ್ಪಿಗೆ ಕೋರುವ ಫಾರ್ಮ್ 4, ಬೆರಳಚ್ಚು, ಭಾವಚಿತ್ರ, ಒಪ್ಪಿಗೆ ಬರುವ ತನಕ ಕಾಯುವುದು, ಎಲ್ಲವೂ ಹಾಗೆಯೇ ಇವೆ. ಮುಂದೆ ಮಾರಬೇಕೆಂದರೆ ಕೊಳ್ಳುವವರೂ ಇದೇ ಹಾದಿಯಲ್ಲಿ ಬರಬೇಕಾದ್ದರಿಂದ, ಇಷ್ಟವಾಗದಿದ್ದರೆ ಕೊಟ್ಟುಬಿಡೋಣ ಎನ್ನುವಷ್ಟು ಹಗುರವಾಗಿ ಇದನ್ನು ಕೊಳ್ಳಲಾಗದು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್ ಮುಂತಾದ ರಾಜ್ಯಗಳಲ್ಲಿರುವ ಕನ್ನಡಿಗರಿಗೆ ಇದು ಇಂದಿಗೂ ಸಿಗದ ಮಾತು. ಎಚ್-1ಬಿಯಂತಹ ವೀಸಾದಲ್ಲಿರುವವರಿಗೆ ಬಂದೂಕು ಹೊಂದುವ ನಿಯಮಗಳೇ ಬೇರೆಯಾದ್ದರಿಂದ ವಕೀಲರನ್ನು ಕೇಳದೆ ಮುಂದುವರಿಯಬಾರದು. ಊರಿನಲ್ಲಿ ಓದುವವರಿಗೆ ಒಂದು ಮಾತು: ಕೊಡಗಿನಲ್ಲಿ ಕೋವಿ ಎಷ್ಟೇ ಮನೆಯ ವಸ್ತುವಾಗಿದ್ದರೂ, ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಸದ್ದಡಗಿಸುವ ಸಾಧನವನ್ನೂ ಬಂದೂಕಿನ ವ್ಯಾಖ್ಯೆಯೊಳಗೇ ಸೇರಿಸುತ್ತದೆ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಲ್ಲಿ ಶಿಕಾರಿಯೇ ನಿಷಿದ್ಧ. ಆದ್ದರಿಂದ ಇದು ಅಮೆರಿಕದೊಳಗಿನ ಮಾತು ಮಾತ್ರ. ಟೆಕ್ಸಾಸಿನಲ್ಲಿ ಜಿಂಕೆಯಂತಹ ಪ್ರಾಣಿಗಳ ಬೇಟೆಗೂ ಸಪ್ರೆಸರ್ ಬಳಸಲು 2012ರಿಂದ ಅವಕಾಶವಿದೆ.

ಒಂದೇ ಸಪ್ರೆಸರ್ ಇದ್ದಾಗಿನ ಮೊದಲ ತೊಡಕು ತೀರಾ ಸರಳವಾದದ್ದು. ಒಂದು ಮುಂಜಾನೆ ಇಬ್ಬರು ಬೇಟೆಗೆ ಹೊರಟರೆ ಒಬ್ಬರ ಕಿವಿಗಷ್ಟೇ ರಕ್ಷಣೆ. ಎರಡನೆಯ ತೊಡಕು ಗುರಿಗೆ ಸಂಬಂಧಿಸಿದ್ದು. ನಳಿಗೆಯ ತುದಿಗೆ ತೂಕ ಸೇರಿದೊಡನೆ ಅದು ಕಂಪಿಸುವ ರೀತಿ ಬದಲಾಗಿ ಗುಂಡು ಬೀಳುವ ಜಾಗ ಸರಿಯುತ್ತದೆ, ಎಷ್ಟು ಸರಿಯುತ್ತದೆ ಎಂಬುದು ಪ್ರತಿ ರೈಫಲ್‌ಗೂ ಬೇರೆ. ಸಪ್ರೆಸರ್ ಹಾಕಿಯೇ ಝೀರೋ ಮಾಡಿಟ್ಟುಕೊಂಡು (ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿಕೊಂಡು), ತೆಗೆದು ಮತ್ತೆ ಅದೇ ಬಿಗಿಯಲ್ಲಿ ಕೂರಿಸಿದರೆ ಸಾಮಾನ್ಯವಾಗಿ ಗುರಿ ಹಿಂದಿನ ಜಾಗಕ್ಕೇ ಬರುತ್ತದೆ, ನಿಜ. ಆದರೆ ಬೆಳಗಿನ ನಾಲ್ಕೂವರೆಗೆ, ಟ್ರಕ್ಕಿನ ಹಿಂಬದಿಯಲ್ಲಿ, ತಲೆದೀಪದ ಬೆಳಕಿನಲ್ಲಿ ತಿರುಪಿನ ಮೇಲೆ ಮಸಿಯಿದೆಯೇ ಮರಳಿದೆಯೇ ಎಂದು ನೋಡಿಕೊಂಡು ಅದೇ ಬಿಗಿಯನ್ನು ಮರಳಿ ತರುವ ಶಿಸ್ತು ಯಾರಿಗಿರುತ್ತದೆ? ಋತುವಿನ ಆರಂಭದಲ್ಲಿ ಹಾಕಿ, ಗುರಿ ಸರಿಮಾಡಿ, ಋತು ಮುಗಿಯುವವರೆಗೂ ಬಿಚ್ಚದಿರುವ ಸಪ್ರೆಸರ್‌ಗಿರುವ ನಂಬಿಕೆಯೇ ಬೇರೆ, ಮತ್ತು ಎರಡನೆಯದಕ್ಕೆ ಹಣ ಹಾಕಲು ನನಗೆ ಇದೊಂದೇ ಕಾರಣ ಸಾಕು.

ಇನ್ನು ಉದ್ದ ಮತ್ತು ತೂಕ. ಎಲ್ಲಕ್ಕೂ ಆಗಲಿ ಎಂದು ಮಾಡಿದ ಉಕ್ಕಿನ ಸಪ್ರೆಸರ್ ಏಳೆಂಟು ಇಂಚು ಉದ್ದವಿದ್ದು, ಅದನ್ನು ನಳಿಗೆಗೆ ಕೂರಿಸುವ ಮೌಂಟ್ ಸೇರಿ 16 ಔನ್ಸ್, ಅಂದರೆ 450 ಗ್ರಾಂ ದಾಟುವುದುಂಟು. ಅರ್ಧ ಕಿಲೋ ಎಂದರೆ ಕೇಳಲು ಕಡಿಮೆಯೇ, ಆದರೆ ಅದು ಕೂರುವುದು ರೈಫಲ್‌ನ ತುತ್ತತುದಿಯಲ್ಲಿ. ನೊಗದ ಒಂದೇ ಬದಿಗೆ ಭಾರ ಕಟ್ಟಿದಂತೆ ಇಡೀ ತೂಗು ಮುಂದಕ್ಕೆ ಬಾಗಿ, ನಿಂತು ಹೊಡೆಯುವಾಗ ಎಡಗೈ ಬೇಗ ಸೋಲುತ್ತದೆ. 24 ಇಂಚಿನ ನಳಿಗೆಗೆ ಎಂಟು ಇಂಚಿನದನ್ನು ಸೇರಿಸಿದರೆ ಬೇಟೆಯ ಡಬ್ಬಿಗೂಡಿನ ಕಿಟಕಿಯೊಳಗೆ ಸದ್ದಾಗದಂತೆ ಅದನ್ನು ತಿರುಗಿಸುವುದೇ ಕಷ್ಟ, ಹೆಗಲಿಗೆ ಹಾಕಿ ನಡೆದರೆ ಜೂನಿಪರ್ ಮರಗಳ ಕೊಂಬೆಗಳೆಲ್ಲ ಅದನ್ನು ತಡೆದು ನಿಲ್ಲಿಸುತ್ತವೆ. ಬೇಟೆಗೆಂದೇ ಮಾಡಿದ ಟೈಟಾನಿಯಮ್ ಸಪ್ರೆಸರ್‌ಗಳು ಐದಾರು ಇಂಚಿನಲ್ಲಿ, 8ರಿಂದ 10 ಔನ್ಸ್ ಒಳಗೆ ಸಿಗುತ್ತವೆ. ಕೆಲವರು ಇದರ ಜೊತೆಗೆ ನಳಿಗೆಯನ್ನೇ 20 ಇಂಚಿಗೋ 18ಕ್ಕೋ ಕತ್ತರಿಸಿ ತಿರುಪು ಹಾಕಿಸುತ್ತಾರೆ; ಇಂಚಿಗೆ ಸೆಕೆಂಡಿಗೆ ಸುಮಾರು 20ರಿಂದ 30 ಅಡಿ ವೇಗ ಕಡಿಮೆಯಾಗುತ್ತದೆ, ಇನ್ನೂರು ಗಜದೊಳಗಿನ ಜಿಂಕೆಗೆ ಅದು ಗಣನೆಗೆ ಬರುವ ನಷ್ಟವಲ್ಲ. ಆದರೆ ನಳಿಗೆ ಗಿಡ್ಡವಾದಷ್ಟೂ ತುದಿಯಲ್ಲಿ ಅನಿಲದ ಒತ್ತಡ ಹೆಚ್ಚು, ಆದ್ದರಿಂದ ತಯಾರಕರು ಕನಿಷ್ಠ ನಳಿಗೆಯ ಉದ್ದ ಎಷ್ಟಿರಬೇಕೆಂದು ಹೇಳಿರುತ್ತಾರೋ ಅದನ್ನು ಮೊದಲು ಓದಿಕೊಳ್ಳಬೇಕು.

ಚಿಕ್ಕದಾದರೆ ಸದ್ದು ಹೆಚ್ಚುವುದಿಲ್ಲವೇ? ಹೆಚ್ಚುತ್ತದೆ. ಒಳಗಿನ ಜಾಗ ಕಡಿಮೆಯಾದಂತೆ ಅನಿಲ ಹಿಗ್ಗಿ ತಣ್ಣಗಾಗಲು ಅವಕಾಶವೂ ಕಡಿಮೆ. ಸಪ್ರೆಸರ್ ಇಲ್ಲದ .308ರ ಸದ್ದು ನಳಿಗೆಯ ಬಳಿ 165 ಡೆಸಿಬೆಲ್ ಆಸುಪಾಸು. ಹಾಕಿದ ಮೇಲೆ 130ರ ದಶಕಕ್ಕೆ ಇಳಿಯುತ್ತದೆ. ಒಂದೇ ಸ್ಫೋಟದ ಸದ್ದಿಗೆ ಕಿವಿಗೆ ಅಪಾಯದ ಗಡಿಯೆಂದು ಸಾಮಾನ್ಯವಾಗಿ ಒಪ್ಪಿರುವುದು 140ನ್ನು, ಹಾಗಾಗಿ ಬೇಟೆಯ ಆ ಒಂದು ಈಡಿನ ಮಟ್ಟಿಗೆ ಗಡಿಯ ಈಚೆ ಇದ್ದೇವೆಯೇ ಎಂಬುದಷ್ಟೇ ನನಗೆ ಮುಖ್ಯ. ರೇಂಜಿನಲ್ಲಿ ಡಜನ್‌ಗಟ್ಟಲೆ ಹೊಡೆಯುವಾಗ ಸಪ್ರೆಸರ್ ಯಾವುದೇ ಇರಲಿ, ಕಿವಿಗೆ ಮಫ್ ಹಾಕಲೇಬೇಕು. ಇಬ್ಬರು ತಯಾರಕರ ಅಂಕಿಗಳ ನಡುವಿನ ಎರಡು ಮೂರು ಡೆಸಿಬೆಲ್ ಅಂತರಕ್ಕಾಗಿ ತಲೆ ಕೆಡಿಸಿಕೊಳ್ಳುವುದು ವ್ಯರ್ಥವೆಂದೇ ನನ್ನ ಭಾವನೆ. ಮೈಕ್ ಎಲ್ಲಿಟ್ಟರು, ನಳಿಗೆ ಎಷ್ಟು ಉದ್ದ, ಯಾವ ತೋಟಾ, ಅಳೆದದ್ದು ತುದಿಯಲ್ಲೋ ಹೊಡೆಯುವವನ ಕಿವಿಯಲ್ಲೋ, ಇವೆಲ್ಲ ಬೇರೆಯಾದರೆ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಬರುವುದಿಲ್ಲ. ಮೇಲಾಗಿ, ಸದ್ದು ಸೆಕೆಂಡಿಗೆ ಸುಮಾರು 1,125 ಅಡಿ ಚಲಿಸಿದರೆ ಬೇಟೆಯ ಗುಂಡು 2,700 ಅಡಿಯ ವೇಗದಲ್ಲಿ ಹೋಗುತ್ತದೆ. ಆ ಗುಂಡು ಗಾಳಿಯನ್ನು ಸೀಳುವಾಗ ಏಳುವ ಚಟಾರ್ ಸದ್ದನ್ನು ಯಾವ ಸಪ್ರೆಸರೂ ಅಡಗಿಸಲಾರದು.

ಕ್ಯಾಲಿಬರಿನ ವಿಷಯದಲ್ಲಿ ಮಾತ್ರ ನಾನು ಹಟಮಾರಿ. 6.5 ಕ್ರೀಡ್‌ಮೋರ್‌ಗೇ ಮೀಸಲೆಂದ ಮೇಲೆ 6.5ರ ರಂಧ್ರವಿರುವುದನ್ನೇ ಕೊಳ್ಳಬಹುದಲ್ಲ, ರಂಧ್ರ ಕಿರಿದಾದರೆ ಸದ್ದೂ ತುಸು ಕಡಿಮೆಯಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಆದರೆ ಮನೆಯಲ್ಲಿ ಎರಡು ಅಳತೆಯ ರಂಧ್ರಗಳ ಸಪ್ರೆಸರ್‌ಗಳಿದ್ದು, ತಿರುಪು ಎರಡಕ್ಕೂ ಒಂದೇ ಆಗಿದ್ದರೆ, ಎಂದಾದರೊಂದು ದಿನ .308ರ ಗುಂಡು .264 ಇಂಚಿನ (ಅಂದರೆ 6.5 ಮಿ.ಮೀ.) ಗುಂಡಿಗೆಂದು ಮಾಡಿದ ರಂಧ್ರದೊಳಗೆ ನುಗ್ಗುವ ಸಾಧ್ಯತೆ ಹುಟ್ಟಿಕೊಳ್ಳುತ್ತದೆ. ಸಾಮಾನ್ಯವಾಗಿ 5/8x24 (5/8 ಇಂಚು ಅಗಲ, ಇಂಚಿಗೆ 24 ಸುತ್ತು) ತಿರುಪು .30 ಕ್ಯಾಲಿಬರಿಗೆ, 1/2x28 ತಿರುಪು .22ಕ್ಕೆ ಎಂದು ಹೇಳುತ್ತಾರಾದರೂ, ತೆಳು ನಳಿಗೆಯ ಕೆಲವು ದೊಡ್ಡ ಕ್ಯಾಲಿಬರುಗಳೂ 1/2x28ರಲ್ಲೇ ಬರುವುದರಿಂದ ತಿರುಪು ಕೂತಿತೆಂದು ಸಪ್ರೆಸರ್ ಸರಿಯಾದದ್ದೆಂದು ನಂಬುವಂತಿಲ್ಲ. ಆದ್ದರಿಂದ ಎರಡನೆಯದೂ .30 ಆಗಿರಲಿ, ಸದ್ದಿನಲ್ಲಾಗುವ ಸಣ್ಣ ನಷ್ಟಕ್ಕೆ ಪ್ರತಿಯಾಗಿ ಕತ್ತಲಲ್ಲಿ ಕೈತಪ್ಪಿದರೂ ಅನಾಹುತವಾಗುವುದಿಲ್ಲ. ಹೊಸ ನಳಿಗೆಗೆ ಮೊದಲ ಸಲ ಹಾಕುವ ಮುನ್ನ ಅಲೈನ್‌ಮೆಂಟ್ ರಾಡ್ ಎಂಬ ನೇರ ಸರಳನ್ನು ನಳಿಗೆಯೊಳಗೆ ತೂರಿಸಿ, ಅದು ಸಪ್ರೆಸರ್‌ನ ರಂಧ್ರದ ನಡುವಿಗೇ ಬರುತ್ತದೆಯೇ ಎಂದು ನೋಡುವುದನ್ನು ಮಾತ್ರ ಬಿಡಬಾರದು.

ಟೈಟಾನಿಯಮ್ ಬಗ್ಗೆ ಕೇಳಿಬರುವ ಆಕ್ಷೇಪವೂ ಸುಳ್ಳಲ್ಲ. ಬಿಸಿ ವಿಪರೀತ ಏರಿದರೆ ಅದು ಶಕ್ತಿ ಕಳೆದುಕೊಳ್ಳುತ್ತದೆ, ಕತ್ತಲಲ್ಲಿ ಹೊಡೆದಾಗ ಕಿಡಿಗಳೂ ಕಾಣುತ್ತವೆ. ರಾತ್ರಿ ಕಾಡುಹಂದಿಗಳ ಹಿಂಡಿನ ಮೇಲೆ ಅರೆ-ಸ್ವಯಂಚಾಲಿತ ರೈಫಲ್‌ನಿಂದ ಸಾಲಾಗಿ ಹೊಡೆಯುವವರಿಗೆ ಉಕ್ಕು ಅಥವಾ ಇಂಕೊನೆಲ್ ಲೋಹದ್ದೇ ತಕ್ಕದ್ದು. ಬೋಲ್ಟ್ ರೈಫಲ್‌ನಲ್ಲಿ ಒಂದು, ಹೆಚ್ಚೆಂದರೆ ಎರಡು ಈಡು ಹೊಡೆಯುವ ಜಿಂಕೆ ಬೇಟೆಗಾರನಿಗೆ ಆ ಆಕ್ಷೇಪ ತಟ್ಟುವುದೇ ಇಲ್ಲ. ಮೌಂಟ್ ವಿಷಯಕ್ಕೆ ಬಂದರೆ, ಬಿಚ್ಚದೆ ಇಡುವುದೇ ಉದ್ದೇಶವಾದ್ದರಿಂದ ಥಟ್ಟನೆ ಕಳಚುವ ಭಾರದ ಮೌಂಟ್ ಬೇಡ, ನೇರ ತಿರುಪೇ ಸಾಕು. ಆದರೆ ಹಿಂಬದಿಯಲ್ಲಿ ಹಬ್ ಎಂದು ಕರೆಯುವ 1.375x24 ತಿರುಪಿದ್ದರೆ ಮೊದಲನೆಯದರ ಮೌಂಟ್‌ಗಳು ಇದಕ್ಕೂ ಕೂರುತ್ತವೆ, ನಾಳೆ ರೈಫಲ್ ಬದಲಾದರೂ ತೊಂದರೆಯಿಲ್ಲ.

ಎರಡನೆಯದು .22 ಎಲ್‌ಆರ್ ಎಂಬ ಸಣ್ಣ ತೋಟಾದ ರೈಫಲ್‌ಗೆ ಇರಲಿ, ಅದರಷ್ಟು ಖುಷಿ ಕೊಡುವುದು ಬೇರೊಂದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಖುಷಿಯ ಮಾತು ನಿಜ. ಆದರೆ ಸೀಸದ ಮಸಿ ಕಟ್ಟುವುದರಿಂದ ಅದನ್ನು ಆಗಾಗ ಬಿಚ್ಚಿ ತೊಳೆಯಬೇಕು, ಮತ್ತು ಜಿಂಕೆ ಬೇಟೆಗೆ ಅದರಿಂದ ಉಪಯೋಗವಿಲ್ಲ, ಅದು ಮೂರನೆಯದಾಗಲಿ.

ಹೀಗೆ ಅಳೆದು ಸುರಿದು ನಾನು ಗೊತ್ತುಮಾಡಿಕೊಂಡಿರುವುದು ಆರು ಇಂಚಿನೊಳಗಿನ, .30 ರಂಧ್ರದ, ಹಬ್ ತಿರುಪಿನ ಟೈಟಾನಿಯಮ್ ಸಪ್ರೆಸರ್ ಅನ್ನು, 20 ಇಂಚಿನ ಕ್ರೀಡ್‌ಮೋರ್‌ಗೆ. ಹಳೆಯ ಉಕ್ಕಿನದು .308ರ ಮೇಲೆ ಹಂದಿಗಳಿಗಾಗಿ ಉಳಿಯುತ್ತದೆ, ಮಗಳು .243 ಹಿಡಿದು ಹೊರಡುವ ದಿನ ಅವಳಿಗೆ ಹೋಗುತ್ತದೆ. ಫಾರ್ಮ್ 4ನ್ನು ಈ ಸಲ ನನ್ನ ಹೆಸರಿನಲ್ಲಲ್ಲದೆ ಟ್ರಸ್ಟಿನ ಹೆಸರಿನಲ್ಲಿ ಹಾಕುತ್ತಿದ್ದೇನೆ, ಏಕೆಂದರೆ ನಾನಿಲ್ಲದಾಗ ಹೆಂಡತಿಯೂ ಅದನ್ನು ಕಾನೂನುಬದ್ಧವಾಗಿ ಇಟ್ಟುಕೊಳ್ಳಬಹುದು. ಟ್ರಸ್ಟಿನಲ್ಲಿ ಜವಾಬ್ದಾರರಾಗಿರುವ ಪ್ರತಿಯೊಬ್ಬರ ಬೆರಳಚ್ಚು ಮತ್ತು ಭಾವಚಿತ್ರವನ್ನೂ ಕಳುಹಿಸಬೇಕಾದ್ದರಿಂದ ಅವಳನ್ನೂ ಅಂಗಡಿಗೆ ಕರೆದುಕೊಂಡು ಹೋಗಬೇಕಾಗಿದೆ.