ಅಮ್ಮ ಬರೆಸಿದ್ದು
ನಿನ್ನೆ ಸಂಜೆ ಸೊಪ್ಪು ಬಿಡಿಸ್ತಾ ಕೂತಿದ್ದ ಅಮ್ಮ ಇದ್ದಕ್ಕಿದ್ದಂತೆ, "ನಾನು ಹೋದಾಗ ಆ ಹಸಿರು ಇಳಕಲ್ ಸೀರೆ ಉಡಿಸು, ಕಣ್ಣು ದಾನ ಕೊಡು, ತಿಥಿಗೆ ಸಾಲ ಮಾಡಬೇಡ" ಅಂದಳು. "ಬಿಡ್ತು ಅನ್ನಮ್ಮಾ" ಅನ್ನೋದು ಬಾಯಿತುದಿಗೆ ಬಂದಿತ್ತು. ನುಂಗಿಕೊಂಡೆ.

ಅಪ್ಪನನ್ನು ನಾವ್ಯಾರೂ ಕೇಳಿರಲಿಲ್ಲ. ಊರಿಗೆ ಒಯ್ಯೋದಾ, ಇಲ್ಲೇ ಚಿತಾಗಾರಕ್ಕಾ ಅಂತ ಹೆಣದ ಮುಂದೆಯೇ ದೊಡ್ಡಪ್ಪ, ಮಾವ ಜಗಳಕ್ಕೆ ನಿಂತಿದ್ದರು. ನನಗೆ ಅಳೋದಕ್ಕೂ ಪುರುಸೊತ್ತು ಸಿಗಲಿಲ್ಲ. ಆ ದಿನ ಇನ್ನೂ ಚುಚ್ಚುತ್ತೆ.

ಅದಕ್ಕೇ ನೋಟ್‌ಬುಕ್ ತಂದು ಬರೆದುಕೊಂಡೆ. ಉಸಿರು ನಿಂತ 6 ಗಂಟೆಯೊಳಗೆ ಕಣ್ಣುಗಳನ್ನು ತೆಗೆಯಬೇಕು. ಅಲ್ಲಿವರೆಗೆ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿರಬೇಕು. ಕೊನೆಗಾಲದಲ್ಲಿ ಅಮ್ಮನಿಗೆ ವೆಂಟಿಲೇಟರ್ ಬೇಡವಂತೆ. ಅದಕ್ಕೆ ಬಾಯಿಮಾತು ಸಾಲದು, ಲಿವಿಂಗ್ ವಿಲ್ ಬೇಕು, ಅಂದ್ರೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡೋ ಪತ್ರ. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿದೆ. 2023ರಿಂದ ವಿಧಾನವೂ ಸುಲಭ: ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಶನಿವಾರ ಹೋಗ್ತಿದ್ದೇವೆ, ನಂದೂ ಮಾಡಿಸ್ತೀನಿ.

ಎಲ್ಲ ಬರೆಸಿ ಎದ್ದು ಹೋಗಿ ಅಮ್ಮ ಸಾರಿಗೆ ಒಗ್ಗರಣೆ ಹಾಕಿದಳು. ರಾತ್ರಿ ಮಲಗಿದಾಗ ನೆನಪಾಯ್ತು, ಹಸಿರು ಸೀರೆ ಯಾವ ಟ್ರಂಕಲ್ಲಿದೆ ಅಂತ ಕೇಳಲೇ ಇಲ್ಲ.