ಗೊತ್ತಿದ್ದೂ ಡೌನ್ಸ್ ಮನೆಗೆ ಹೋಗಬೇಕಾಯಿತು

ರೆಡ್ ಡೆಡ್ ರಿಡೆಂಪ್ಷನ್ 2 ಎಂಬ ವಿಡಿಯೊ ಗೇಮ್ ಬಂದದ್ದು 2018ರ ಅಕ್ಟೋಬರ್‌ನಲ್ಲಿ. ಆಗಲೇ ಪ್ಲೇಸ್ಟೇಷನ್‌ನಲ್ಲಿ ಆಡಿ ಮುಗಿಸಿದ್ದೆ. ಹೈಸ್ಕೂಲಿನಲ್ಲಿದ್ದ ತಮ್ಮ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಹೋದ ದೀಪಾವಳಿ ರಜೆಯಲ್ಲಿ ಅವನೇ ತನ್ನ ಕಂಪ್ಯೂಟರ್‌ಗೆ ಅದನ್ನು ಹಾಕಿಕೊಂಡು, "ಅಣ್ಣ, ಮೊದಲಿಂದ ಆಡೋಣ" ಅಂದ. 150 ಜಿಬಿ ಜಾಗ ಬೇಡುವ ಆಟ. ಡೌನ್‌ಲೋಡ್ ಆಗಲಿ ಅಂತ ರಾತ್ರಿಯೆಲ್ಲ ಕಂಪ್ಯೂಟರ್ ಆನ್ ಇಟ್ಟು ಮಲಗಿದೆವು.

ಇದನ್ನು ಆಡದವರಿಗೆ ಒಂದು ಮಾತು. ಮುಂದೆ ಕಥೆಯೆಲ್ಲ ಹೇಳಿಬಿಡುತ್ತೇನೆ, ಆಡುವ ಆಸೆ ಇದ್ದರೆ ಇಲ್ಲಿಗೇ ನಿಲ್ಲಿಸಿ.

ಇದು 1899ರ ಅಮೆರಿಕದ ಕಥೆ. ಡಚ್ ಎಂಬವನ ದರೋಡೆ ಗುಂಪು ಊರೂರು ತಪ್ಪಿಸಿಕೊಂಡು ಓಡುತ್ತಿರುತ್ತದೆ. ಅವನ ನಂಬಿಕೆಯ ಬಂಟ ಆರ್ಥರ್ ಮಾರ್ಗನ್ ಆಗಿ ನಾವು ಆಡುತ್ತೇವೆ. ಎರಡನೇ ಅಧ್ಯಾಯದಲ್ಲಿ ಗುಂಪಿನ ಬಡ್ಡಿ ವ್ಯವಹಾರ ನೋಡುವ ಸ್ಟ್ರೌಸ್, ಸಾಲ ವಸೂಲಿಗೆ ಆರ್ಥರ್‌ನನ್ನು ಕಳಿಸುತ್ತಾನೆ. ಸಾಲಗಾರರಲ್ಲಿ ಥಾಮಸ್ ಡೌನ್ಸ್ ಎಂಬ ರೈತನೂ ಒಬ್ಬ. ಆರ್ಥರ್ ಅವನನ್ನು ಬೇಲಿಗೆ ಒತ್ತಿ ಹಿಡಿದು ಹೊಡೆಯುತ್ತಾನೆ. ಡೌನ್ಸ್ ಕೆಮ್ಮುತ್ತಾನೆ, ರಕ್ತ ಆರ್ಥರ್‌ನ ಮುಖಕ್ಕೆ ಸಿಡಿಯುತ್ತದೆ. ಹೆಂಡತಿ, ಮಗ ಓಡಿ ಬರುತ್ತಾರೆ. ಅಷ್ಟೇ. ಬಹಳ ಹೊತ್ತಿನ ದೃಶ್ಯವೂ ಅಲ್ಲ. ಆದರೆ ಆರ್ಥರ್‌ಗೆ ಕ್ಷಯ ಅಂಟುವುದು ಅಲ್ಲೇ. ಆಮೇಲಿನ ಕಥೆಯೆಲ್ಲ ಆ ಒಂದು ವಸೂಲಿಯ ಮೇಲೆ ನಿಂತಿದೆ.

ಮೊದಲ ಸಲ ಆಡಿದ್ದಕ್ಕೂ ಈ ಸಲಕ್ಕೂ ನಡುವಿನ ವರ್ಷಗಳಲ್ಲಿ ತಮ್ಮನಿಗೆ ಟಿ.ಬಿ. ಬಂದಿತ್ತು. ಡಿಗ್ರಿ ಓದುವಾಗ. ವಾರಗಟ್ಟಲೆ ಬಿಡದ ಕೆಮ್ಮು, ಸಂಜೆಯಾದರೆ ಜ್ವರ, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಕಫ ಪರೀಕ್ಷೆ ಆದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾತ್ರೆ ಶುರುವಾಯಿತು. ತೂಕ ನೋಡಿ ಎಷ್ಟು ಮಾತ್ರೆ ಅಂತ ಲೆಕ್ಕ ಹಾಕಿ ಕೊಡುತ್ತಾರೆ. ಮೊದಲ ಸಲ ಮೂತ್ರ ಕೆಂಪಗೆ ಬಂದಾಗ ಅವನು ರಕ್ತ ಅಂತಲೇ ತಿಳಿದು ಗಾಬರಿಯಾಗಿದ್ದ. ರಿಫಾಂಪಿಸಿನ್ ಮಾತ್ರೆಯ ಬಣ್ಣ ಅದು ಅಂತ ಆಶಾ ಕಾರ್ಯಕರ್ತೆ ಹೇಳಿದ ಮೇಲೆ ಉಸಿರು ಬಂತು. ಆರು ತಿಂಗಳ ಕೋರ್ಸ್ ಮುಗಿಸಿದ. ಈಗ ಪೂರ್ತಿ ಹುಷಾರಾಗಿದ್ದಾನೆ, ನನಗಿಂತ ಜಾಸ್ತಿ ಊಟ ಮಾಡುತ್ತಾನೆ.

ಹಾಗಾಗಿ ಎರಡನೇ ಅಧ್ಯಾಯಕ್ಕೆ ಬಂದಾಗ ನಾವಿಬ್ಬರೂ ಸ್ಟ್ರೌಸ್ ಕಡೆ ಸುಳಿಯಲಿಲ್ಲ. ಜಿಂಕೆ ಬೇಟೆಗೆ ಹೋದೆವು. ಮೀನು ಹಿಡಿದೆವು. ಕುದುರೆಗೆ ಮೈ ಉಜ್ಜಿದೆವು. ಡೌನ್ಸ್ ಮನೆಗೆ ಹೋಗದಿದ್ದರೆ ಆರ್ಥರ್ ಗುಂಪಿನ ಬೆಟ್ಟದ ಶಿಬಿರದಲ್ಲಿ ಎಷ್ಟು ದಿನ ಬೇಕಾದರೂ ಗಟ್ಟಿಮುಟ್ಟಾಗಿ ಇರಬಹುದು. ಹೀಗೇ ಅಲ್ಲೇ ಉಳಿದುಬಿಡುವ ಆಟಗಾರರು ಎಷ್ಟೋ ಜನ ಇದ್ದಾರೆ. ಆದರೆ ಕಥೆ ಮುಂದೆ ಸಾಗಬೇಕೆಂದರೆ ಹೋಗಲೇಬೇಕು. ಕೊನೆಗೆ ಒಂದು ಮಧ್ಯಾಹ್ನ ತಮ್ಮ, "ಮಾಡ್ಬಿಡು ಅಣ್ಣ, ಸುಮ್ನೆ ಮುಂದಕ್ಕೆ ಹಾಕಿದ್ರೆ ಏನು ಬಂತು?" ಅಂದ. ಹೋದೆ. ಹೊಡೆಯಲು ಬಟನ್ ಒತ್ತಬೇಕಾದವನು ನಾನೇ. ಈ ಕಥೆಯನ್ನು ಸಿನಿಮಾ ಮಾಡಿದ್ದರೆ ಇಷ್ಟು ಕಷ್ಟ ಆಗುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ಅಲ್ಲಿ ಬೇರೆ ಯಾರೋ ಹೊಡೆಯುತ್ತಾರೆ, ನಾವು ನೋಡುತ್ತೇವೆ. ಇಲ್ಲಿ ಹೊಡೆದ ಕೈಗೇ ಮುಂದೆ ಕೆಮ್ಮುವ ಮೈಯನ್ನೂ ಕೊಡುತ್ತಾರೆ.

ಎರಡನೇ ಸಲಕ್ಕೆ ಕಣ್ಣಿಗೆ ಬಿದ್ದದ್ದು ಇನ್ನೊಂದಿದೆ. ಅದಕ್ಕೂ ಮೊದಲೇ ವ್ಯಾಲೆಂಟೈನ್ ಊರಿನ ಕೆಸರಲ್ಲಿ ಆರ್ಥರ್ ಒಬ್ಬ ದೈತ್ಯನ ಜೊತೆ ಬಡಿದಾಡುತ್ತಾನಲ್ಲ, ಆಗ ಸಾಕು ಬಿಡಪ್ಪ ಅಂತ ಬೇಡಿಕೊಂಡು ಅಡ್ಡ ಬರುವವನು ಇದೇ ಡೌನ್ಸ್. ಒಬ್ಬ ಅಪರಿಚಿತನ ಜೀವ ಉಳಿಸಲು ಬಂದವನು. ಅವನ ಮನೆಗೇ ನಾವು ವಸೂಲಿಗೆ ಹೋಗುತ್ತೇವೆ.

ರೋಗದ ವಿಷಯದಲ್ಲಿ ತಮ್ಮ ಆಟವನ್ನು ಡಾಕ್ಟರ ಹಾಗೆ ಪರೀಕ್ಷೆ ಮಾಡುತ್ತಿದ್ದ. ಸಾಮಾನ್ಯವಾಗಿ ಟಿ.ಬಿ. ಅಂಟುವುದು ಒಂದೇ ಮನೆಯಲ್ಲಿ ತುಂಬ ದಿನ ಜೊತೆಗಿದ್ದವರಿಗೆ. ಒಂದೇ ಕೆಮ್ಮಿಗೆ ಅಂಟುವುದು ಅಪರೂಪ. "ಶಿಬಿರದಲ್ಲಿ ಬೇರೆ ಯಾರಿಗೂ ಬರಲಿಲ್ವಾ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ, ಆಟದಲ್ಲಿ ಉತ್ತರ ಇಲ್ಲ. ಆದರೆ ಆರ್ಥರ್‌ನ ತೂಕ ಇಳಿಯುವುದು, ಎಷ್ಟು ತಿನ್ನಿಸಿದರೂ ಮೈ ಹತ್ತದಿರುವುದು, ಕಣ್ಣು ಕೆಂಪಾಗುವುದು, ಇದನ್ನೆಲ್ಲ ನೋಡಿ "ಇದು ಸರಿಯಾಗಿ ಮಾಡಿದಾರೆ" ಅಂದ.

ಸೇಂಟ್ ಡೆನಿಸ್ ಪಟ್ಟಣದಲ್ಲಿ ಆರ್ಥರ್ ರಸ್ತೆಯಲ್ಲೇ ಕುಸಿಯುತ್ತಾನೆ. ಬೆಚ್ಚಗಿನ, ಒಣ ಹವೆಯ ಕಡೆ ಹೋಗಿ ವಿಶ್ರಾಂತಿ ತಗೋ ಅನ್ನುವುದಷ್ಟೇ ಅಲ್ಲಿನ ಡಾಕ್ಟರ್ ಕೊಡಬಹುದಾದ ಸಲಹೆ. ರಾಬರ್ಟ್ ಕೋಖ್ 1882ರಲ್ಲೇ ಕ್ಷಯದ ರೋಗಾಣು ಕಂಡುಹಿಡಿದಿದ್ದರು. ಅಂದರೆ 1899ರ ಡಾಕ್ಟರಿಗೆ ಕಾಯಿಲೆ ಯಾವುದು ಅಂತ ಗೊತ್ತು, ಕೊಡಲು ಔಷಧಿ ಇಲ್ಲ. ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಇದನ್ನು ಹೇಳಿದಾಗ ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಔಷಧಿ ಇದ್ದೂ ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಇವತ್ತಿಗೂ ನಮ್ಮ ದೇಶದವರೇ. ಅದನ್ನು ನೆನೆದರೆ ನನಗೆ ಸಿಟ್ಟೇ ಬರುತ್ತದೆ.

ಒಳ್ಳೆಯವನಾಗಿ ಆಡಿಕೊಂಡು ಬಂದರೆ ಆರನೇ ಅಧ್ಯಾಯದಲ್ಲಿ ಒಂದು ರೈಲು ನಿಲ್ದಾಣ ಬರುತ್ತದೆ. ಅಲ್ಲಿ ಸಿಸ್ಟರ್ ಕಾಲ್ಡೆರೋನ್ ಎಂಬ ಸನ್ಯಾಸಿನಿಯ ಮುಂದೆ ಆರ್ಥರ್ ತನಗೆ ಹೆದರಿಕೆ ಆಗುತ್ತಿದೆ ಅಂತ ಒಪ್ಪಿಕೊಳ್ಳುತ್ತಾನೆ. ಕಥೆಯಲ್ಲಿ ಅಷ್ಟು ಹೊತ್ತು ಯಾರಿಗೂ ಹೇಳದ ಮಾತು. ರೋಜರ್ ಕ್ಲಾರ್ಕ್ ಎಂಬ ನಟ ಆರ್ಥರ್ ಪಾತ್ರಕ್ಕೆ ದನಿ ಮತ್ತು ಮೈ ಎರಡನ್ನೂ ಕೊಟ್ಟಿದ್ದಾರೆ. 2018ರ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ನಟನೆಯ ಪ್ರಶಸ್ತಿ ಅವರಿಗೇ ಬಂತು, ಬರಲೇಬೇಕಿತ್ತು. ದೃಶ್ಯ ಮುಗಿದಾಗ ತಮ್ಮ, "ನಂಗೂ ಹಾಗೇ ಆಗಿತ್ತು ಅಣ್ಣ. ಅಮ್ಮ ಇದ್ರಲ್ಲ, ಅದಕ್ಕೇ ಹೇಳ್ಲಿಲ್ಲ" ಅಂದ. ಆಸ್ಪತ್ರೆಗೆ ಅಷ್ಟು ಸಲ ಜೊತೆಗೆ ಹೋಗಿದ್ದೇನೆ, ಒಂದು ಸಲವೂ ಈ ಮಾತು ಬಂದಿರಲಿಲ್ಲ. ಆಟ ನಿಲ್ಲಿಸಿ ಟೀ ಮಾಡಿಕೊಂಡು ಬಂದು, ರಾತ್ರಿ ಬಹಳ ಹೊತ್ತು ಆ ದಿನಗಳ ಬಗ್ಗೆ ಮಾತಾಡಿದೆವು.

ಆಟದಲ್ಲಿ ಕೊರತೆ ಇಲ್ಲ ಅನ್ನುವುದಿಲ್ಲ. ಕಾಡುಮೇಡು ಎಲ್ಲಿ ಬೇಕಾದರೂ ಅಲೆಯಬಹುದು, ಆದರೆ ಮಿಷನ್ ಶುರುವಾದರೆ ಹೇಳಿದ ದಾರಿ ಬಿಟ್ಟು ನಾಲ್ಕು ಹೆಜ್ಜೆ ಆಚೆ ಹೋದರೂ ಸೋತೆ ಅನ್ನುತ್ತದೆ. ಅಷ್ಟು ದೊಡ್ಡ ಲೋಕ ಕಟ್ಟಿದವರಿಗೆ ಆಟಗಾರನ ಮೇಲೆ ಇನ್ನೊಂದು ಚೂರು ನಂಬಿಕೆ ಇರಬೇಕಿತ್ತು. ಗ್ವಾರ್ಮಾ ದ್ವೀಪದ ಅಧ್ಯಾಯ ಈಗಲೂ ಅವಸರದಲ್ಲಿ ಮುಗಿಸಿದ ಹಾಗಿದೆ.

ಆದರೆ ಡೌನ್ಸ್ ಕುಟುಂಬವನ್ನು ಆಟ ಮರೆಯುವುದಿಲ್ಲ, ಅದು ದೊಡ್ಡದು. ಗಂಡ ಸತ್ತ ಮೇಲೆ ಡೌನ್ಸ್ ಹೆಂಡತಿ ಈಡಿತ್ ಬೀದಿಗೆ ಬೀಳುತ್ತಾಳೆ, ಮಗ ಗಣಿ ಕೆಲಸಕ್ಕೆ ಸೇರುತ್ತಾನೆ. ಆರ್ಥರ್ ಹಣ ಕೊಡಲು ಹೋದರೆ ಅವಳು ಉರಿದು ಬೀಳುತ್ತಾಳೆ. ಆ ಸಿಟ್ಟನ್ನು ಕಥೆ ಮೆತ್ತಗೆ ಮಾಡಲು ಹೋಗಿಲ್ಲ. ಸ್ಟ್ರೌಸ್‌ನನ್ನು ಆರ್ಥರ್ ಶಿಬಿರದಿಂದ ಹೊರಗೆ ಹಾಕುವಾಗ ಕಂಟ್ರೋಲರ್ ತಮ್ಮನ ಕೈಯಲ್ಲಿತ್ತು. ಅವನೇ ಕೇಳಿ ಇಸಿದುಕೊಂಡಿದ್ದ.

ಎಪಿಲಾಗ್, ಅಂದರೆ ಆರ್ಥರ್ ಕಥೆ ಮುಗಿದ ಮೇಲಿನ ಭಾಗ, ಇನ್ನೂ ಬಾಕಿ ಇದೆ. 1907ರಲ್ಲಿ, ಅದೇ ಗುಂಪಿನಲ್ಲಿದ್ದ ಜಾನ್ ಮಾರ್ಸ್ಟನ್ ಸಗಣಿ ಎತ್ತಿ, ಹಾಲು ಕರೆದು, ಸಾಲ ಮಾಡಿ ಮನೆ ಕಟ್ಟುವ ಭಾಗ. ಅದು ಬೋರು ಅನ್ನುವವರೇ ಜಾಸ್ತಿ. ಇಡೀ ಆಟದಲ್ಲಿ ಅದೇ ಚೆನ್ನಾಗಿರೋದು ಅಂತ ತಮ್ಮನ ವಾದ. ಅದನ್ನು ಪೂರ್ತಿ ತಾನೇ ಆಡುತ್ತಾನಂತೆ, ಬರುವ ಶನಿವಾರ ಶುರು.