ನೋವು ಹೋಯ್ತಲ್ಲ, ಇನ್ನೂ ಬರಬೇಕಾ ಡಾಕ್ಟ್ರೇ?

ಶಿರಸಿಯಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟುಕೊಂಡವನಿಗೆ ಈ ಪ್ರಶ್ನೆ ಬಾರದ ವಾರ ಇಲ್ಲ. ಬರುವುದು ಹೆಚ್ಚಾಗಿ ಫೋನಿನಲ್ಲಿ. ನಾಳೆ ಹತ್ತೂವರೆಗೆ ಬರಬೇಕಾದವರು ಇವತ್ತು ಸಂಜೆ ಫೋನ್ ಮಾಡುತ್ತಾರೆ. ದನಿಯಲ್ಲೇ ಖುಷಿ ಗೊತ್ತಾಗುತ್ತದೆ. ಎರಡು ರಾತ್ರಿ ನಿದ್ದೆಗೆಡಿಸಿದ ಹಲ್ಲು ಮೂರನೇ ದಿನ ತಾನಾಗಿ ಸುಮ್ಮನಾಗಿದೆ. ಇನ್ನು ಯಾಕೆ ಸುಮ್ನೆ ದುಡ್ಡು ದಂಡ, ಅಲ್ವಾ?

ಬರಬೇಕು. ನೋವು ತಾನಾಗಿ ಹೋಗಿದ್ದರೆ ಇನ್ನೂ ಬೇಗ ಬರಬೇಕು.

ಹಲ್ಲಿನ ಮೇಲಿನ ಬಿಳಿ ಕವಚ ಎನಾಮೆಲ್. ಅದರಲ್ಲಿ ನರ ಇಲ್ಲ. ಹುಳುಕು ಅದನ್ನು ಕೊರೆಯುವಷ್ಟು ದಿನ ನಮಗೆ ಏನೂ ಗೊತ್ತಾಗುವುದಿಲ್ಲ. ಅದನ್ನು ದಾಟಿ ಕೆಳಗಿನ ಪದರವಾದ ಡೆಂಟಿನ್‌ಗೆ ಇಳಿದ ಮೇಲೆ ತಣ್ಣೀರಿಗೆ, ಸಿಹಿಗೆ ಹಲ್ಲು ಜುಮ್ಮೆನ್ನುತ್ತದೆ. ದೋಸೆಗೆ ಜೋನಿ ಬೆಲ್ಲ ಹಚ್ಚಿಕೊಂಡು ತಿನ್ನುವಾಗ ಒಂದೇ ಬದಿ ಛಳಕ್ ಅಂದು ಬಿಟ್ಟರೆ, ಬರಬೇಕಾದ ಹೊತ್ತು ಅದು. ಒಂದು ಸಲ ಕೂತರೆ ಫಿಲ್ಲಿಂಗ್ ಮುಗಿಯುತ್ತದೆ. ಬಿಟ್ಟರೆ ಹುಳುಕು ನಡುವಿನ ಪಲ್ಪ್ ಮುಟ್ಟುತ್ತದೆ. ನರ, ರಕ್ತನಾಳ ಇರುವ ಜಾಗ ಅದು. ಸುತ್ತಲೂ ಗಟ್ಟಿ ಗೋಡೆ, ಊದಿಕೊಳ್ಳಲು ಜಾಗ ಇಲ್ಲ. ಅದಕ್ಕೇ ಆ ಪರಿ ನೋವು. ಮಲಗಿದರೆ ಜಾಸ್ತಿ, ಎದ್ದು ಕೂತರೆ ಸ್ವಲ್ಪ ಕಮ್ಮಿ. ಕೊನೆಗೆ ಒತ್ತಡಕ್ಕೆ ರಕ್ತ ಓಡಾಡುವುದು ನಿಂತು ನರ ಸಾಯುತ್ತದೆ. ನನಗೆ ಫೋನ್ ಬರುವುದು ಅವತ್ತು.

ಹೋದ ವರ್ಷ ನವೆಂಬರ್‌ನಲ್ಲಿ ಸಿದ್ದಾಪುರದ ಕಡೆಯ ಒಬ್ಬ ತೋಟಿಗರು ಬಂದಿದ್ದರು. ಕೆಳಗಿನ ದವಡೆ ಹಲ್ಲು. ಮೇಲೆ ಕಾಣುವ ತೂತು ಸಾಸಿವೆ ಕಾಳಿನಷ್ಟು. ಐಸ್ ಮುಟ್ಟಿಸಿದೆ, ಏನೂ ಆಗಲಿಲ್ಲ. "ನೋಡಿ, ವಾಸಿ ಆಯ್ತು" ಅಂದರು. ಬಾಯಿ ನೋಡುವ ಕನ್ನಡಿಯ ಹಿಡಿಯಿಂದ ಆ ಹಲ್ಲನ್ನು ಟಕ್ ಅಂತ ತಟ್ಟಿದೆ. ನನ್ನ ಕೈ ಹಿಡಿದುಕೊಂಡರು. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಹೆಸರುಕಾಳಿನಷ್ಟು ಕಪ್ಪು ನೆರಳು. ಸತ್ತ ನರದಿಂದ ಸೋಂಕು ಇಳಿದು ಎಲುಬು ತಿನ್ನಲು ಶುರುಮಾಡಿತ್ತು. ಒರಲೆ ಹಿಡಿದ ಮಾಡಿನ ಮರದ ಪಕಾಸು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದಲ್ಲ, ಹಾಗೇ ಇದು, ಅಂದೆ. ಹಳೇ ಮನೆಯವರು, ತಕ್ಷಣ ಅರ್ಥವಾಯಿತು. ಆದರೂ "ಅಡಿಕೆ ಕೊನೆ ಕೊಯ್ಲು ಮುಗೀಲಿ" ಅಂತ ಹೊರಟರು.

ಫೆಬ್ರವರಿಯಲ್ಲಿ ಬಂದಾಗ ಮಫ್ಲರ್ ಸುತ್ತಿದ್ದರು, ಕೆನ್ನೆ ಊದಿತ್ತು. ಹಲ್ಲು ಬೇರಿನವರೆಗೆ ಸೀಳಿತ್ತು. ಬೇರಿನೊಳಗಿನ ಕೊಳೆ ತೆಗೆದು ತುಂಬುವ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕೋಣ ಅಂದರೂ ಹಿಡಿದುಕೊಳ್ಳಲು ಗೋಡೆಯೇ ಇರಲಿಲ್ಲ. ಕಿತ್ತೆ.

ಅವರನ್ನು ಬೈಯಲಾರೆ. ಕೊಯ್ಲಿನಲ್ಲಿ ಒಂದು ದಿನ ತಪ್ಪಿದರೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಮತ್ತೆ ಯಾವಾಗ ಸಿಗುತ್ತಾನೋ. ಮೊದಲು ಕಾರವಾರದಲ್ಲಿದ್ದಾಗಲೂ ಇದೇ ಕಥೆ. ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಮೀನುಗಾರಿಕೆ ನಿಲ್ಲುವ ಆ 61 ದಿನ, ಬೋಟಿಗೆ ಹೋಗುವವರೆಲ್ಲ ಹಲ್ಲು ಹಿಡಿದುಕೊಂಡು ಬರುತ್ತಿದ್ದರು. ಅಲ್ಲಿಯತನಕ ಮೆಡಿಕಲ್ ಅಂಗಡಿಯ ಮಾತ್ರೆ. ಆ್ಯಂಟಿಬಯೋಟಿಕ್ ನುಂಗಿದರೆ ಬಾವು ಇಳಿಯುತ್ತದೆ, ನಿಜ. ಆದರೆ ಸತ್ತ ಹಲ್ಲಿನೊಳಗೆ ರಕ್ತವೇ ಹೋಗುವುದಿಲ್ಲ, ಮದ್ದು ಹೋಗುವುದು ಎಲ್ಲಿಂದ? ಕೊಳೆ ಅಲ್ಲೇ ಕೂತಿರುತ್ತದೆ.

ಬುದ್ಧಿ ಹೇಳುವ ನಾನೂ ಏನು ಕಮ್ಮಿ ಇಲ್ಲ. ನನ್ನ ಮೇಲಿನ ಹಲ್ಲಿನ ಹುಳುಕು ನನಗೇ ಗೊತ್ತಿತ್ತು. ಸ್ನೇಹಿತನ ಹತ್ತಿರ ಹೋಗಬೇಕು, ಹೋಗಬೇಕು ಅಂತ ಎಂಟು ತಿಂಗಳು ತಳ್ಳಿದೆ. ಫಿಲ್ಲಿಂಗ್‌ನಲ್ಲಿ ಮುಗಿಯುತ್ತಿದ್ದದ್ದು ರೂಟ್ ಕೆನಾಲ್ ಆಯಿತು. ನೂರುಗಳ ಖರ್ಚು ಸಾವಿರಕ್ಕೆ ಹೋಯಿತು, ಡಾಕ್ಟರ್ ಅಂತ ರಿಯಾಯಿತಿ ಸಿಕ್ಕಿದ ಮೇಲೂ.

ಮಕ್ಕಳ ವಿಷಯದಲ್ಲಿ ಇನ್ನೊಂದು ಮೋಸ ಇದೆ. ಆರನೇ ವರ್ಷಕ್ಕೆ ಬಾಯಿಯ ಹಿಂದೆ ಬರುವ ದವಡೆ ಹಲ್ಲು ಹಾಲು ಹಲ್ಲಲ್ಲ. ಯಾವ ಹಲ್ಲೂ ಬೀಳದೆ ಸುಮ್ಮನೆ ಹುಟ್ಟುವುದರಿಂದ ಎಷ್ಟೋ ತಂದೆತಾಯಿಗೆ ಅದು ಗೊತ್ತೇ ಆಗುವುದಿಲ್ಲ. ಹುಳುಕಾದರೂ "ಬಿದ್ದು ಹೋಗೋದೇ ಅಲ್ವಾ" ಅನ್ನುತ್ತಾರೆ. ಅದು ಬಿದ್ದರೆ ಮತ್ತೆ ಬರುವುದಿಲ್ಲ.

ಕವಳ, ಅಂದರೆ ಎಲೆಯಡಿಕೆ, ಹಾಕುವವರಿಗೆ ಒಂದು ಮಾತು. ಅಡಿಕೆ ತೋಟದ ಮನೆಯಲ್ಲೇ ಹುಟ್ಟಿದವನು ಹೇಳುತ್ತಿದ್ದೇನೆ, ಸಿಟ್ಟಾಗಬೇಡಿ. ಕೆನ್ನೆಯ ಒಳಗೆ ಬಿಳಿ ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಹಿಡಿಸದಷ್ಟು ಬಿಗಿಯಾದ ಬಾಯಿ, ಇವುಗಳಲ್ಲಿ ಯಾವುದಿದ್ದರೂ ತೋರಿಸಿ. ಕ್ಯಾನ್ಸರ್ ಕೂಡ ಶುರುವಿನಲ್ಲಿ ನೋಯದೇ ಇರಬಹುದು.

ಹಲ್ಲಿನ ಬಾವು ದವಡೆಯ ಕೆಳಗೆ, ಕುತ್ತಿಗೆ ಕಡೆ ಇಳಿದು ಉಗುಳು ನುಂಗಲು ಕಷ್ಟವಾದರೆ, ಉಸಿರು ಕಟ್ಟಿದಂತಾದರೆ ನನ್ನ ಕ್ಲಿನಿಕ್ ತೆರೆಯುವವರೆಗೆ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಸರಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಹುಬ್ಬಳ್ಳಿಗೆ ಕಳಿಸುವುದಾದರೆ ನಮ್ಮಲ್ಲಿಂದ ಸುಮಾರು ನೂರು ಕಿಲೋಮೀಟರ್ ದಾರಿ ಇದೆ.